ಮಧುಮೇಹದ ಕಾರ್ಡಿನಲ್ಲಿ ಇಲ್ಲದ ಕಾಲಂ

ಮಾನ್ಯರೆ,

ಸಕ್ಕರೆ ಕಾಯಿಲೆಯ ಮಹಿಳೆ ಅಸಾಂಕ್ರಾಮಿಕ ರೋಗಗಳ ಎನ್‌ಸಿಡಿ ಕ್ಲಿನಿಕ್‌ಗೆ ಹೋದರೆ ಬಿಪಿ, ತೂಕ, ಶುಗರ್ ಬರೆದುಕೊಳ್ಳುತ್ತಾರೆ. ಕಣ್ಣು, ಪಾದ ನೋಡುವುದೂ ಉಂಟು. ಮುಟ್ಟು, ಮಗುವಿನ ಯೋಚನೆ, ಲೈಂಗಿಕ ತೊಂದರೆ ಬರೆಯಲು ಸಾಮಾನ್ಯವಾಗಿ ಕಾಲಂ ಇರುವುದಿಲ್ಲ. ರೋಗದ ಅಪಾಯ ಗುರುತಿಸಲು ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ನಮೂನೆಯಲ್ಲಿ ದುರ್ವಾಸನೆಯ ಬಿಳಿಸೆರಗಿನ ಪ್ರಶ್ನೆ ಇದೆ ನಿಜ, ಆದರೆ ಅದು ಕ್ಯಾನ್ಸರ್ ಶಂಕೆಗಾಗಿ. ಕಾಲಂ ಸೇರಿಸಿ ಎಂಬುದು ನಮ್ಮ ಒತ್ತಾಯ. ಆದರೆ ತಪ್ಪಾಗಿ ಅಳೆಯುವುದಾದರೆ ಬೇಡವೇ ಬೇಡ.

ಸಂಶೋಧನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2000ನೇ ಇಸವಿಯಲ್ಲಿ ಪ್ರಕಟವಾದ, ಮಹಿಳೆಯರ ಲೈಂಗಿಕ ಆರೋಗ್ಯ ಅಳೆಯುವ ‘ಎಫ್‌ಎಸ್‌ಎಫ್‌ಐ’ ಪ್ರಶ್ನಾವಳಿ. ಕಳೆದ 4 ವಾರಗಳ ಬಗ್ಗೆ 19 ಪ್ರಶ್ನೆ. ಆಸೆ, ಉದ್ರೇಕ, ತೇವ, ಪರಾಕಾಷ್ಠೆ, ತೃಪ್ತಿ, ನೋವು ಎಂಬ ಆರು ವಿಭಾಗ. ಗರಿಷ್ಠ 36 ಅಂಕ. 26.55 ದಾಟದಿದ್ದರೆ ತೊಂದರೆ ಇರಬಹುದು ಎಂದು ಲೆಕ್ಕ. ಎಡವಟ್ಟಾಗುವುದು ಸೊನ್ನೆಯಲ್ಲಿ. 15 ಪ್ರಶ್ನೆಗಳಿಗೆ ‘ಸಂಪರ್ಕ ಇರಲಿಲ್ಲ’ ಎಂದರೆ ಬರುವುದು 0. ಗಂಡ ದುಬೈನಲ್ಲಿ ದುಡಿಯುತ್ತಿದ್ದಾನೆ, ಹೆಂಡತಿ ಆರೋಗ್ಯವಾಗಿಯೇ ಇದ್ದಾಳೆ ಎನ್ನಿ. ಆಸೆಗೆ ಪೂರ್ತಿ 6, ತೃಪ್ತಿಯ ಎರಡು ಪ್ರಶ್ನೆಗೆ 4 ಸಿಕ್ಕರೂ ಆಕೆ 10 ದಾಟಲಾರಳು. ವಿಧವೆಯರಿಗಂತೂ ಕೆಲವು ಪ್ರಶ್ನೆ ಅನ್ವಯಿಸುವುದೇ ಇಲ್ಲ. ಇವರನ್ನೆಲ್ಲ ಸೇರಿಸಿ ಸರಾಸರಿ ತೆಗೆದರೆ ಒಂಟಿತನವೂ ಮಧುಮೇಹದ ಖಾತೆಗೇ ಜಮೆ! ‘4 ವಾರದಲ್ಲಿ ಸಂಪರ್ಕ ಇತ್ತೇ, ಇಲ್ಲದಿದ್ದರೆ ಯಾಕೆ’ ಎಂದು ಮೊದಲೇ ಕೇಳಿ ಅಂಥವರನ್ನು ಬೇರೆ ಎಣಿಸಬೇಕು. ‘ಇದರಿಂದ ನಿಮಗೆ ಸಂಕಟ ಆಗುತ್ತಿದೆಯೇ’ ಎಂಬುದನ್ನೂ ಕೇಳಲೇಬೇಕು. ಆಕೆಗೇ ಬಾಧೆ ಅನ್ನಿಸದ್ದನ್ನು ರೋಗ ಎನ್ನುವಂತಿಲ್ಲ.

ನೋವಿದೆ ಎಂದಾಗ ತುರಿಕೆ, ಬಿಳಿಸೆರಗು ಇವೆಯೇ, ಯಾವಾಗಿನಿಂದ ಎಂದು ಬರೆಯಿರಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳಿಂದ ಜನನಾಂಗದ ಫಂಗಸ್ ಸೋಂಕು ಹೆಚ್ಚುತ್ತದೆ. ಮಾತ್ರೆ ಶುರುವಾದ ದಿನಾಂಕ ಪಕ್ಕದಲ್ಲಿದ್ದರೆ ಕಾರಣ ಅಲ್ಲೇ ಹೊಳೆಯುತ್ತದೆ, ವಾಸಿ ಮಾಡುವುದೂ ಸುಲಭ.

ಎಲ್ಲಕ್ಕಿಂತ ತುರ್ತಿನದು ಮಗುವಿನ ಪ್ರಶ್ನೆ. ಭ್ರೂಣದ ಮಿದುಳು, ಬೆನ್ನುಹುರಿಯ ನಾಳ ಗರ್ಭ ನಿಂತ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಆಗ ಸಕ್ಕರೆ ಹೆಚ್ಚಿದ್ದರೆ ಅದಕ್ಕೆ ದೋಷ ತಟ್ಟಬಹುದು. ಗರ್ಭಿಣಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಹಾಗಾಗಿ ‘ಮುಂದಿನ ಒಂದು ವರ್ಷದಲ್ಲಿ ಮಗು ಬೇಕೆಂದಿದ್ದೀರಾ’ ಎಂದು ಪ್ರತಿ ಭೇಟಿಯಲ್ಲೂ ಕೇಳಬೇಕು. ಹೌದು ಎಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 6.5ಕ್ಕಿಂತ ಕೆಳಗೆ ತರುವ ಗುರಿ (ಲೋ ಶುಗರ್ ಆಗದಂತೆ), ವೈದ್ಯರ ಚೀಟಿಯಲ್ಲಿ ದಿನಕ್ಕೆ 5 ಮಿ.ಗ್ರಾಂ ಫೋಲಿಕ್ ಆ್ಯಸಿಡ್, ಗರ್ಭಕ್ಕೆ ಹಾನಿ ಮಾಡಬಹುದಾದ ಬಿಪಿ-ಕೊಲೆಸ್ಟ್ರಾಲ್ ಮಾತ್ರೆಗಳಾದ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಅಟೊರ್‌ವಾಸ್ಟಾಟಿನ್‌ನಂಥವುಗಳ ಮರುಪರಿಶೀಲನೆ. ಆಕೆ ತಾನಾಗಿ ಮಾತ್ರೆ ಬಿಡಬಾರದು. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿಯನ್ನು ಕಣ್ಣುಮುಚ್ಚಿ ನಂಬಬೇಡಿ: ಕಬ್ಬಿಣದ ಕೊರತೆ ಅದನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಜೊತೆಗೆ ಹಿಮೋಗ್ಲೋಬಿನ್ ಇರಲಿ.

ಮಗು ಬೇಡ ಎಂದರೆ ಕಾಯಿಲೆಗೆ ಎಷ್ಟು ವರ್ಷ, ಕಣ್ಣು-ಕಿಡ್ನಿ-ನರಕ್ಕೆ ಪೆಟ್ಟಾಗಿದೆಯೇ ನೋಡಿ. 20 ವರ್ಷ ದಾಟಿದ್ದರೆ ಅಥವಾ ಇಂಥ ಪೆಟ್ಟಿದ್ದರೆ ಗರ್ಭನಿರೋಧಕಗಳಾದ ಮಾಲಾ-ಎನ್ ಮಾತ್ರೆಯಾಗಲಿ ಅಂತರಾ ಚುಚ್ಚುಮದ್ದಾಗಲಿ ಸೂಕ್ತವಲ್ಲ. ಕಾಪರ್-ಟಿಗೆ ಮಧುಮೇಹ ಅಡ್ಡಿಯಲ್ಲ.

ಪ್ರಶ್ನೆಗಳ ಸರದಿಯೂ ಮುಖ್ಯ. ಉರಿಮೂತ್ರ, ತುರಿಕೆಯಿಂದ ಶುರು ಮಾಡಿ ಮುಟ್ಟು, ಮಗು, ಕೊನೆಗೆ ಸಂಬಂಧದ ಮಾತು. ಸರತಿಯ ಸಾಲಿನಲ್ಲಿ, ಅತ್ತೆಯ ಎದುರು ಕೇಳಿದರೆ ಎಲ್ಲದಕ್ಕೂ ‘ಏನಿಲ್ಲ ಮೇಡಂ’ ಎಂಬ ಉತ್ತರವೇ ಸಿಗುವುದು. ಬಾಗಿಲಿರುವ ಕೋಣೆ, ಒಬ್ಬ ನರ್ಸಮ್ಮ ಸಾಕು. ಈ ಉತ್ತರಗಳನ್ನು ಕ್ಲಿನಿಕ್‌ನ ಕಡತದಲ್ಲಷ್ಟೇ ಇಡಬೇಕು, ಆಶಾ ಡೈರಿಯಲ್ಲಿ ಬೇಡ. ಆಶಾ ಕಾರ್ಯಕರ್ತೆ ಅದೇ ಊರಿನವರು.

– ಮಧುಮೇಹ ಹಾಗೂ ಸ್ತ್ರೀರೋಗ ವಿಭಾಗದ ಕೆಲವು ವೈದ್ಯರು, ಬೆಂಗಳೂರು