ಭಕ್ತ ರಾಜ, ಮಠ ಕಟ್ಟಿಸಿದ. ಅಷ್ಟೇನಾ? ವೇಲ್ಸ್ ಶಿಕ್ಷಣ ಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ವೇಲ್ಸ್ ಸರ್ಕಾರದ ಶಿಕ್ಷಣ ಮಂತ್ರಿಗಳಿಗೆ ನಮಸ್ಕಾರ.

ನಿಮ್ಮ ನಾಡಿನ ಶಾಲೆಯಲ್ಲಿ ಮಗಳನ್ನು ಓದಿಸುತ್ತಿರುವ ಕನ್ನಡಿಗ ನಾನು. ಪತ್ರವನ್ನು ಕನ್ನಡದಲ್ಲೇ ಬರೆದಿದ್ದೇನೆ. ಬೋರ್ಡುಗಳನ್ನೆಲ್ಲ ಎರಡು ಭಾಷೆಯಲ್ಲಿ ಬರೆಸುವವರಿಗೆ ಮೂರನೆಯದೊಂದು ಭಾರವಾಗಲಿಕ್ಕಿಲ್ಲ.

ವಿಷಯ ರೀಸ್ ಅಪ್ ಗ್ರಿಫಿದ್ ಎಂಬ ನಿಮ್ಮ ರಾಜನದು. 12ನೇ ಶತಮಾನದಲ್ಲಿ ದಕ್ಷಿಣ ವೇಲ್ಸ್‌ನ ದೆಹೈಬಾರ್ಥ್ ಎಂಬ ರಾಜ್ಯ ಆಳಿದವನು. ಮಗಳು ಶಾಲೆಯಿಂದ ತಂದ ಹಾಳೆಯಲ್ಲಿ ಅವನ ಪಾಲಿಗೆ ಬಂದಿದ್ದು ಒಂದೇ ಸಾಲು: ದೈವಭಕ್ತ, ಮಠಗಳನ್ನು ಕಟ್ಟಿಸಿದ. 2022ರ ಹೊಸ ಪಠ್ಯಕ್ರಮದಲ್ಲಿ ವೇಲ್ಸ್ ಚರಿತ್ರೆ ಕಡ್ಡಾಯ ಮಾಡಿದ್ದೀರಿ. ಒಳ್ಳೆಯದೇ. ಆದರೆ ಇಷ್ಟು ಸಪ್ಪೆ ಮಾಡಿ ಬಡಿಸಿದರೆ ಮಕ್ಕಳು ಉಣ್ಣುತ್ತಾರಾ?

ಪಶ್ಚಿಮ ವೇಲ್ಸ್‌ನ ಕೆರೆಡಿಗಿಯಾನ್ ಸೀಮೆಯ ಸ್ಟ್ರಾಟಾ ಫ್ಲೋರಿಡಾ ಎಂಬ ಕ್ರೈಸ್ತ ಮಠವನ್ನೇ ನೋಡಿ. 1164ರಲ್ಲಿ ಅದನ್ನು ಶುರುಮಾಡಿದ್ದು ರೀಸ್ ಅಲ್ಲ, ಅವನ ವೈರಿ ಕಡೆಯವನು. ಹೆಸರು ರಾಬರ್ಟ್ ಫಿಟ್ಜ್‌ಸ್ಟೀಫನ್, ಇಂಗ್ಲೆಂಡ್ ಕಡೆಯಿಂದ ಬಂದು ವೇಲ್ಸ್ ನೆಲ ಹಿಡಿದಿದ್ದ ನಾರ್ಮನ್ನರ ಸರದಾರ. ಸಂಬಂಧದಲ್ಲಿ ರೀಸ್‌ಗೆ ಸೋದರತ್ತೆಯ ಮಗ! ಮರುವರ್ಷವೇ ರೀಸ್ ಕಾರ್ಡಿಗನ್ ಕೋಟೆ ಗೆದ್ದು ಅತ್ತೆ ಮಗನನ್ನು ಸೆರೆಗೆ ಹಾಕಿದ. ಮಠವನ್ನು ಮಾತ್ರ ಮುಟ್ಟಲಿಲ್ಲ. ತಾನೇ ಅದರ ಪೋಷಕನಾದ, ಭೂಮಿ ಕೊಟ್ಟ, ಒಂದೆರಡು ಮೈಲಿ ಆಚೆ ಹೊಸ ಜಾಗದಲ್ಲಿ ದೊಡ್ಡದಾಗಿ ಕಟ್ಟಲು ಕೈಹಾಕಿದ. 1184ರ ದಾನಪತ್ರದಲ್ಲಿ ಮಠ ಕಟ್ಟಲು ತೊಡಗಿದವನು ತಾನೇ ಎಂದು ಬರೆಸಿಕೊಂಡ. ಫಿಟ್ಜ್‌ಸ್ಟೀಫನ್ ಅಷ್ಟು ಹೊತ್ತಿಗೆ ಐರ್ಲೆಂಡ್ ಸೇರಿಯಾಗಿತ್ತು, ಕೇಳುವವರು ಯಾರು?

ಭಕ್ತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಲೆಕ್ಕಾಚಾರವೂ ಇತ್ತು. ಆ ಮಠದಲ್ಲಿದ್ದ ಸಿಸ್ಟರ್ಶಿಯನ್ ಪಂಥದ ಸನ್ಯಾಸಿಗಳು ಕುರಿ ಸಾಕುವುದರಲ್ಲಿ ಪಳಗಿದವರು. ಉಳುಮೆಗೆ ಒಗ್ಗದ ಗುಡ್ಡ ಕೊಟ್ಟರೂ ಅದರಿಂದ ಉಣ್ಣೆ ತೆಗೆಯುತ್ತಿದ್ದರು. ಜೊತೆಗೆ ಮನೆತನದವರಿಗೆ ಒಂದು ಸಮಾಧಿ ಸ್ಥಳವೂ ಸಿಕ್ಕಿತು. ಅಣ್ಣ ಕ್ಯಾಡೆಲ್, ಮಗ ಗ್ರಿಫಿದ್ ಇಬ್ಬರನ್ನೂ ಅಲ್ಲೇ ಮಣ್ಣು ಮಾಡಿದ್ದು. ಲ್ಯಾನ್‌ಲಿರ್‌ನಲ್ಲಿ ಸನ್ಯಾಸಿನಿಯರಿಗೆ ಒಂದು ಮಠ, ಟ್ಯಾಲಿಯಲ್ಲಿ ಬೇರೆ ಪಂಥದವರಿಗೆ ಇನ್ನೊಂದು, ಇವನ್ನೂ ರೀಸ್ ಮಾಡಿಸಿದ. ಟ್ಯಾಲಿಯ ಚರ್ಚನ್ನು ಮಾತ್ರ ಮೊದಲು ಅಂದುಕೊಂಡಷ್ಟು ಉದ್ದಕ್ಕೆ ಕಟ್ಟಿ ಮುಗಿಸಲು ಆಗಲೇ ಇಲ್ಲ.

ಇಷ್ಟೆಲ್ಲ ದಾನ ಮಾಡಿದವನ ಕೊನೆ ಹೇಗಾಯಿತು? 1197ರಲ್ಲಿ ಸತ್ತಾಗ ಬಿಷಪ್ ಜೊತೆ ಜಗಳವಾಗಿ ಅವನ ಮೇಲೆ ಚರ್ಚಿನ ಬಹಿಷ್ಕಾರವಿತ್ತು. ಪ್ರಾಯಶ್ಚಿತ್ತ ಅಂತ ಹೆಣಕ್ಕೆ ಛಡಿಯೇಟು ಕೊಟ್ಟ ಮೇಲೆಯೇ ಸೇಂಟ್ ಡೇವಿಡ್ಸ್‌ನ ದೊಡ್ಡ ಚರ್ಚಿನಲ್ಲಿ ಹೂಳಲು ಜಾಗ ಸಿಕ್ಕಿದ್ದು. ಹತ್ತು ವರ್ಷದ ಯಾವ ಮಗು ಇದನ್ನು ಮರೆಯುತ್ತೆ ಹೇಳಿ! ಹಾಳೆಯಲ್ಲಿ ಇದರ ಸುಳಿವೇ ಇಲ್ಲ.

ಸ್ಟ್ರಾಟಾ ಫ್ಲೋರಿಡಾದಲ್ಲಿ ಈಗ ಜಾಸ್ತಿ ಏನೂ ಉಳಿದಿಲ್ಲ, ನಿಜ. 1539ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲಕ್ಕೆ ಮಠ ಮುಚ್ಚಿತು. ಆದರೆ ಪಶ್ಚಿಮದ ಬಾಗಿಲಿನ ಕಮಾನು ಇನ್ನೂ ನಿಂತಿದೆ. ಒಂದರ ಒಳಗೊಂದು ದುಂಡು ಕಲ್ಲಿನ ಪಟ್ಟಿಗಳು ನೆಲದಿಂದ ಎದ್ದು, ಮೇಲೆ ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತವೆ. ಅವನ್ನು ಅಡ್ಡಡ್ಡ ಕಟ್ಟಿದ ಹಾಗೆ ಸಣ್ಣ ಪಟ್ಟಿಗಳಿವೆ, ತುದಿ ಸುರುಳಿ ಸುತ್ತಿಕೊಂಡಿದೆ. ಮಕ್ಕಳು ಬೆರಳಿಟ್ಟು ನೋಡಬೇಕಾದ ಕೆಲಸ ಅದು.

ಅಲ್ಲಿಗೆ ಹೋಗುವುದೇ ಕಷ್ಟ. ಆ ಹೆಸರಿನ ರೈಲು ನಿಲ್ದಾಣ 1965ರಲ್ಲೇ ಮುಚ್ಚಿದೆ, ಅದೂ ಮಠದಿಂದ ಮೈಲಿಗಟ್ಟಲೆ ದೂರದಲ್ಲಿತ್ತು. ಹಾಗಾಗಿ ಕೇಳುವುದು ಎರಡೇ. ಒಂದು, ರೀಸ್‌ನ ಪಾಠದಲ್ಲಿ ಅತ್ತೆ ಮಗ, ಕುರಿ, ಛಡಿಯೇಟು ಎಲ್ಲವೂ ಇರಲಿ. ಇನ್ನೊಂದು, ಶಾಲೆಗಳಿಗೆ ಅಲ್ಲಿಗೆ ಹೋಗಿಬರಲು ಬಸ್ಸಿನ ಬಾಡಿಗೆಯನ್ನು ನಿಮ್ಮ ಇಲಾಖೆಯಿಂದ ಕೊಡಿ. ಮಳೆಗಾಲ ತಪ್ಪಿಸಿ ದಿನ ಗೊತ್ತುಮಾಡಿ ಅಂತ ಹೇಳುತ್ತಿದ್ದೆ, ವೇಲ್ಸ್‌ನಲ್ಲಿ ಅದು ಆಗದ ಮಾತು, ಅಲ್ವಾ? ಒಂದೊಂದು ರೇನ್‌ಕೋಟ್ ಕೊಟ್ಟು ಕಳಿಸುವುದು ನಮಗಿರಲಿ.

ಇಂತಿ,
ನಿಮ್ಮ ಶಾಲೆಯೊಂದರ ಪೋಷಕ