ಕ್ರಿಸ್ತನ ದೈವತ್ವವನ್ನು ಬಿಟ್ಟು ರಕ್ಷಣೆಯ ಮಾತಿಲ್ಲ

ಮಾನ್ಯ ಸಂಪಾದಕರೇ,

ಕ್ರೈಸ್ತ ಧರ್ಮವನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು, ಯೇಸು ದೇವರೆನಿಸಿದ್ದು ಕ್ರಿ.ಶ. 325ರಲ್ಲಿ ಬಿಷಪ್ಪರು ಸೇರಿದ್ದ ನೈಸೀಯ ಮಹಾಸಭೆಯಲ್ಲಿ, ಅದೂ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಒತ್ತಾಯದಿಂದ ಎನ್ನುತ್ತದೆ. ಆದ್ದರಿಂದ ಆತನ ನೀತಿಬೋಧೆಯಷ್ಟನ್ನೇ ಉಳಿಸಿಕೊಂಡರೂ ಕ್ರೈಸ್ತ ನಂಬಿಕೆಗೆ ಕೊರತೆಯಾಗದು ಎಂದೂ ಹೇಳುತ್ತದೆ. ಮೊದಲ ಮಾತು ಇತಿಹಾಸಕ್ಕೆ ಒಪ್ಪುವುದಿಲ್ಲ. ಎರಡನೆಯದು ಆ ನಂಬಿಕೆಯ ತಿರುಳನ್ನೇ ತೆಗೆದುಹಾಕುತ್ತದೆ.

ನೈಸೀಯಕ್ಕೆ ಇನ್ನೂರು ವರ್ಷಗಳಿಗೂ ಹಿಂದೆ, ಸುಮಾರು 112ರಲ್ಲಿ, ರೋಮನ್ ಪ್ರಾಂತಾಧಿಕಾರಿ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನವೇ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ವರದಿ ಮಾಡಿದ್ದಾನೆ. ಅವರನ್ನು ವಿಚಾರಣೆಗೆ ಒಳಪಡಿಸಿ ದಂಡಿಸುತ್ತಿದ್ದ ಅವನಿಗೆ ಅವರ ಪರವಾಗಿ ಮಾತು ಕಟ್ಟುವ ಕಾರಣವೇನೂ ಇರಲಿಲ್ಲ. ದೇವಸ್ವರೂಪನಾಗಿದ್ದವನು ದಾಸನ ರೂಪ ತಾಳಿ ಶಿಲುಬೆಯ ಮರಣದವರೆಗೂ ವಿಧೇಯನಾದನೆಂದು ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದದ್ದು ಇದಕ್ಕೂ ಮೊದಲು. ನೈಸೀಯದಲ್ಲಿ ಚರ್ಚೆಯಾದದ್ದು, ಮಗನಾದ ಕ್ರಿಸ್ತನು ತಂದೆಯಷ್ಟೇ ಪೂರ್ಣವಾಗಿ ದೇವರೋ ಅಥವಾ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸನು ಬೋಧಿಸಿದಂತೆ ಸೃಷ್ಟಿಗಳಲ್ಲಿ ಮೊದಲನೆಯವನೋ ಎಂಬ ಪ್ರಶ್ನೆ. ಮಗನು ಪೂರ್ಣವಾಗಿ ದೇವರೇ ಎಂಬ ಸಭೆಯ ತೀರ್ಮಾನ ಅರಸನ ಹಟವೇ ಆಗಿದ್ದರೆ, ಅದೇ ಅರಸ ಮುಂದೆ ಅರಿಯಸನನ್ನು ಗಡೀಪಾರಿನಿಂದ ಹಿಂದಕ್ಕೆ ಕರೆಸಿದ್ದೇಕೆ? ಆ ತೀರ್ಮಾನಕ್ಕೆ ಅಂಟಿಕೊಂಡಿದ್ದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸನನ್ನು 335ರಲ್ಲಿ ಗಡೀಪಾರು ಮಾಡಿದ್ದೇಕೆ? ಅಥನಾಸಿಯಸ್ ತನ್ನ ಜೀವಿತದಲ್ಲಿ ಐದು ಬಾರಿ ಪೀಠ ಬಿಟ್ಟು ಹೋಗಬೇಕಾಯಿತು.

ಇಷ್ಟೊಂದು ಕಷ್ಟವನ್ನು ಆತ ಸಹಿಸಿದ್ದು ಪಾಂಡಿತ್ಯದ ಜಗಳಕ್ಕಾಗಿ ಅಲ್ಲ. ಸೃಷ್ಟಿಯಾದವನೊಬ್ಬನು ಉಳಿದ ಸೃಷ್ಟಿಯನ್ನು ದೇವರೊಂದಿಗೆ ಒಂದುಗೂಡಿಸಲಾರ ಎಂಬುದು ಆತನ ವಾದವಾಗಿತ್ತು. ಅದರ ತೂಕ ತಿಳಿಯಬೇಕಾದರೆ ಬೈಬಲಿನ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯವನ್ನು ನೋಡಬೇಕು. ಜನಸಂದಣಿಯಿಂದಾಗಿ ಬಾಗಿಲಲ್ಲಿ ದಾರಿ ಸಿಗದೆ, ನಾಲ್ವರು ಮಾಳಿಗೆಯನ್ನು ತೆರೆದು ಪಾರ್ಶ್ವವಾಯು ರೋಗಿಯನ್ನು ಹಾಸಿಗೆಯ ಸಮೇತ ಕೆಳಗಿಳಿಸುತ್ತಾರೆ. ಯೇಸು ಅವನಿಗೆ ಮೊದಲು ಹೇಳುವುದು ಎದ್ದು ನಡೆಯೆಂದಲ್ಲ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ದೇವರೊಬ್ಬನೇ ಹೊರತು ಪಾಪವನ್ನು ಕ್ಷಮಿಸಬಲ್ಲವರು ಯಾರು ಎಂದು ಅಲ್ಲಿ ಕುಳಿತಿದ್ದ ಯೆಹೂದ್ಯ ಧರ್ಮಶಾಸ್ತ್ರಿಗಳು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಯೇಸು ಕೇವಲ ನೀತಿಬೋಧಕನಾಗಿದ್ದರೆ ಆ ಕ್ಷಮೆ ಬರಿಯ ಸಾಂತ್ವನದ ಮಾತಾಗುತ್ತಿತ್ತು, ಅದನ್ನು ನಂಬಿದ ರೋಗಿ ಮೋಸಹೋದಂತಾಗುತ್ತಿತ್ತು.

ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಕೃಪೆಯಿಂದ, ನಂಬಿಕೆಯ ಮೂಲಕ, ದೇವರ ವರವಾಗಿಯೇ ದೊರೆಯುತ್ತದೆ ಎಂಬ, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಬೋಧೆಯನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. ಇಲ್ಲಿ ನಂಬಿಕೆಯೆಂದರೆ ಒಂದು ಸಿದ್ಧಾಂತಕ್ಕೆ ತಲೆಯಾಡಿಸುವುದಲ್ಲ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಕಟುವಾಗಿಯೇ ಬರೆದಿದ್ದಾನೆ. ಒಬ್ಬ ವ್ಯಕ್ತಿಯ ಮೇಲೆ ತನ್ನ ಭಾರವನ್ನೆಲ್ಲ ಹಾಕುವುದೇ ಆ ನಂಬಿಕೆ, ಸತ್ಕಾರ್ಯಗಳು ಅದರ ಫಲ. (ಈ ವಿಷಯದಲ್ಲಿ ಶತಮಾನಗಳ ಕಾಲ ಭಿನ್ನಾಭಿಪ್ರಾಯ ಹೊಂದಿದ್ದ ಲೂಥರನ್ ಮತ್ತು ಕಥೋಲಿಕ ಸಭೆಗಳು 1999ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದನ್ನು ಲೇಖಕರು ಗಮನಿಸಿದ್ದರೆ ಚೆನ್ನಾಗಿತ್ತು.) ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗಿದ ತಂದೆಯ ಮಗನನ್ನೂ ಯೇಸು ಗುಣಪಡಿಸಿದನಲ್ಲವೇ? ಅವನ ನಂಬಿಕೆ ಅರೆಬರೆಯಾಗಿತ್ತು, ಆದರೆ ಅದು ನೆಚ್ಚಿಕೊಂಡಿದ್ದು ರಕ್ಷಿಸಬಲ್ಲವನನ್ನು.

ಇಂತಿ,
ತಮ್ಮ ಓದುಗ