ಮಗಳಿಗೊಂದು ಪತ್ರ: ಇನ್ನೆರಡೇ ವಿಷಯ ಬಾಕಿ

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಕಣ್ಣಾಡಿಸಿ ಬಿಟ್ಟುಬಿಡುತ್ತೀಯ. ಕನ್ನಡವಾದರೆ ನಿಧಾನವಾಗಿ ಓದಲೇಬೇಕು. ಭಾನುವಾರ ಯಾರು ಏನೆಂದರು ಎಂಬುದು ಇಬ್ಬರಿಗೂ ನೆನಪಿದೆ, ಅದು ಬೇಡ. ‘ಹಾಗಾದರೆ ಅಂಗಡಿಯಲ್ಲೇ ಇದ್ದುಬಿಡು’ ಎಂಬ ಮಾತೊಂದು ನನ್ನ ಬಾಯಿಂದ ಬರಬಾರದಿತ್ತು.

‘ಅಂಗಡಿಯಲ್ಲಿ ಪೂರ್ಣ ಶಿಫ್ಟ್ ಮಾಡಲು ಕಾಲೇಜು ಒಂದೇ ಒಂದು ಸೆಮಿಸ್ಟರ್ ಬಿಡುತ್ತೇನೆ ಅಪ್ಪಾ’ ಎಂದೆಯಲ್ಲ, ನನಗೆ ಕೇಳಿಸಿದ್ದು ನಿನ್ನ ಚಿಕ್ಕಪ್ಪನ ದನಿ. ಅವನು ದಾವಣಗೆರೆಯಲ್ಲಿ ಡಿಪ್ಲೊಮಾ ಓದಿದವನು, ಲೆಕ್ಕದಲ್ಲಿ ನನಗಿಂತ ಚುರುಕು. ಕೊನೆಯಲ್ಲಿ ಒಂದೇ ಪೇಪರ್ ಬ್ಯಾಕ್ ಉಳಿಯಿತು. ಆರು ತಿಂಗಳು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ದುಡಿಯುವುದು, ಪೇಪರ್ ಕಟ್ಟಿ ಪಾಸಾಗುವುದು, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಇಂಜಿನಿಯರಿಂಗ್ ಎರಡನೆಯ ವರ್ಷ: ಇದು ಅವನ ಲೆಕ್ಕ. ಲೆಕ್ಕವೇನೂ ತಪ್ಪಿರಲಿಲ್ಲ. ಆದರೆ ಪರೀಕ್ಷೆ ಬರುವುದು ಬೇಸಿಗೆಯಲ್ಲಿ, ವೋಲ್ಟೇಜ್ ಇಳಿದು ರೈತರ ಪಂಪ್‌ಸೆಟ್ಟುಗಳು ಸುಟ್ಟು ಅಂಗಡಿಯ ಮುಂದೆ ಸಾಲುಗಟ್ಟುವುದೂ ಆಗಲೇ. ಯಜಮಾನರು ರಜೆ ಕೊಡಲಿಲ್ಲ. ಮುಂದಿನ ಸಲವೂ ಅದೇ ಕಥೆ. ಅಷ್ಟರಲ್ಲಿ ಪಠ್ಯಕ್ರಮದ ಸ್ಕೀಮ್ ಬದಲಾಯಿತು, ಹಳೆಯ ನೋಟ್ಸು ರದ್ದಿಗೆ ಹೋಯಿತು. ಪರೀಕ್ಷಾ ಶುಲ್ಕ ಕಟ್ಟಿದ ಚಲನ್ ಮಾತ್ರ ಗಲ್ಲಾಪೆಟ್ಟಿಗೆಯ ಬಿಲ್ ಪುಸ್ತಕದ ಕೆಳಗೆ ಬಹಳ ಕಾಲ ಬಿದ್ದಿತ್ತು, ಅದರ ಮೇಲೆ ವಾರ್ನಿಷ್ ಹತ್ತಿದ ಹೆಬ್ಬೆರಳಿನ ಗುರುತು. ಅವನು ಓದು ಬಿಡಬೇಕೆಂದು ಯಾವತ್ತೂ ತೀರ್ಮಾನಿಸಲಿಲ್ಲ ಪುಟ್ಟಿ. ಕೇಳಿದವರಿಗೆಲ್ಲ ‘ಈ ಸಲ ಕಟ್ಟುತ್ತೇನೆ’ ಎಂದೇ ಹೇಳುತ್ತಿದ್ದ.

ಲೆಕ್ಕ ಬರೆಯುವುದು ನನ್ನ ಕಸುಬು, ಅಂಕಿಗಳನ್ನು ಹುಡುಕದೆ ಇರಲಾರೆ. ಈ ಅಮೆರಿಕದಲ್ಲಿ ನಿನ್ನದರಂಥ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರುವ ನೂರು ಮಂದಿಯಲ್ಲಿ ಸುಮಾರು 80 ಮಂದಿಗೆ ನಾಲ್ಕು ವರ್ಷದ ಪದವಿಯ ಆಸೆ. ಆರು ವರ್ಷದೊಳಗೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರು ಮೂರರಲ್ಲಿ ಒಬ್ಬರು. ಆ ನೂರರಲ್ಲಿ ಪದವಿ ಕೈಗೆ ಬರುವುದು ಸುಮಾರು 16 ಮಂದಿಗೆ. ನಮ್ಮ ಕ್ಯಾಲಿಫೋರ್ನಿಯಾದಲ್ಲೇ, ವರ್ಗವಾಗಬೇಕೆಂದು 2017ರಿಂದ 2019ರ ನಡುವೆ ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ದಾಟಿದವರು ಐವರಲ್ಲಿ ಒಬ್ಬರು ಎಂದು ರಾಜ್ಯದ ಆಡಿಟರ್ ವರದಿ ಹೇಳುತ್ತದೆ. ಉಳಿದವರೆಲ್ಲ ಓದಲಾರದವರೇ? ಅಲ್ಲ. ಶಿಫ್ಟ್, ಬಾಡಿಗೆ, ಕೈಕೊಟ್ಟ ಕಾರು, ಸಮಯಕ್ಕೆ ಸಿಗದ ತರಗತಿ. ಒಬ್ಬೊಬ್ಬರಿಗೂ ಒಂದೊಂದು ರಿವೈಂಡಿಂಗ್ ಅಂಗಡಿ.

ನಿನ್ನ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ನೀನು ಡೇವಿಸ್‌ಗೆ ಹಾಕಿದ ಟ್ಯಾಗ್, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ ಕ್ಯಾಂಪಸ್ಸಿನಲ್ಲಿ ವರ್ಗಾವಣೆ ಸೀಟಿನ ಖಾತರಿ, ಬರೀ ಅರ್ಜಿಯಲ್ಲ, ಷರತ್ತಿನ ಒಪ್ಪಂದ. ಆ ಸೌಲಭ್ಯ ಇರುವ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕಷ್ಟೇ ಹಾಕಬಹುದು. ಸ್ಪ್ರಿಂಗ್ ಸೆಮಿಸ್ಟರ್ ಮುಗಿಯುವುದರೊಳಗೆ 60 ಯೂನಿಟ್ (ಕ್ರೆಡಿಟ್) ಆಗಿರಬೇಕು, ಬೇಕಾದ ವಿಷಯಗಳೂ ಮುಗಿದಿರಬೇಕು. ನಿನಗೆ ಉಳಿದಿರುವುದು ಕ್ಯಾಲ್ಕುಲಸ್ ಮತ್ತು ಇನ್ನೊಂದು. ಈ ಸೆಮಿಸ್ಟರ್ ಬಿಟ್ಟರೆ ಆ ಖಾತರಿ ಹೋಯಿತು, ಮುಂದಿನ ಸೆಪ್ಟೆಂಬರಿನಲ್ಲಿ ಮತ್ತೆ ಮೊದಲಿನಿಂದ. ಇಲ್ಲಿಯೂ ಸ್ಕೀಮ್ ಬದಲಾಗುತ್ತದೆ, ನೋಡು: 2025ರ ಫಾಲ್‌ನಿಂದ ಹೊಸಬರಿಗೆ, ವರ್ಗವಾಗಲು ಓದಬೇಕಾದ ಸಾಮಾನ್ಯ ವಿಷಯಗಳ ಹಳೆಯ ಪಟ್ಟಿ ಐಗೆಟ್ಸಿ ಹೋಗಿ ಹೊಸ ಪಟ್ಟಿ ಕ್ಯಾಲ್-ಗೆಟ್ಸಿ ಬಂದಿದೆ. ಅದಕ್ಕೂ ಮುಂಚೆ ಸೇರಿದ ನಿನಗೆ ಹಳೆಯ ನಿಯಮ ನಡೆಯುವುದು ಓದು ಮುರಿಯದೆ ಮುಂದುವರಿದರೆ. ಒಂದು ಸೆಮಿಸ್ಟರಿಗೆ ಏನೂ ಆಗದಿರಬಹುದು. ನನಗೆ ಭಯ ಎರಡನೆಯದರದ್ದು.

ನೋಡು, ಮತ್ತೆ ಪಾಠ ಶುರುವಾಯಿತು. ನಿನ್ನಮ್ಮ ಈಗಷ್ಟೇ ಇಣುಕಿ ‘ಇದು ಪತ್ರವೋ ನೋಟೀಸೋ’ ಎಂದು ಕೇಳಿ ಹೋದಳು.

ಹೆಮ್ಮೆಯ ಮಾತನ್ನೂ ಹೇಳಿಬಿಡುತ್ತೇನೆ. ಯೂನಿಟ್ಟಿಗೆ 46 ಡಾಲರಿನಂತೆ ಅಷ್ಟೂ ಶುಲ್ಕವನ್ನು ನಿನ್ನ ಸಂಬಳದಲ್ಲಿ ಕಟ್ಟಿದವಳು ನೀನು. ಗೆಳೆಯರ ಮಕ್ಕಳು ಬರ್ಕ್ಲಿಗೆ ಹೋದರೆಂದು ಕೇಳಿದಾಗ ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಆದರೆ ಅವರಲ್ಲಿ ಯಾರೂ ಬೆಳಗಿನ ಐದಕ್ಕೆ ಎದ್ದು ಸರಕು ಇಳಿಸಿ ಆಮೇಲೆ ಲ್ಯಾಬಿಗೆ ಹೋದವರಲ್ಲ.

ನೆರವು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಅಸಾಪ್ ಎಂಬ ಯೋಜನೆ ಆರಂಭಿಸಿತು. ಪೂರ್ಣಾವಧಿ ಓದಬೇಕು, ಬದಲಿಗೆ ಬಸ್-ಮೆಟ್ರೊ ಪಾಸು, ಪಠ್ಯಪುಸ್ತಕಕ್ಕೆ ನೆರವು, ಬೆನ್ನುಬಿಡದ ಸಲಹೆಗಾರರು. ಮೂರು ವರ್ಷದಲ್ಲಿ ಎರಡು ವರ್ಷದ ಪದವಿ ಮುಗಿಸಿದವರು ಆ ಯೋಜನೆಯಲ್ಲಿ ನೂರಕ್ಕೆ 40, ಅದಿಲ್ಲದವರಲ್ಲಿ 22. ಬಸ್ ಪಾಸಿಗೆ ಅಷ್ಟು ಶಕ್ತಿ ಇದೆಯೆಂದು ಯಾರು ಎಣಿಸಿದ್ದರು! ದಾವಣಗೆರೆಯಲ್ಲಿ ಪರೀಕ್ಷೆಯ ಆ ಒಂದು ದಿನ ಯಜಮಾನರ ಹತ್ತಿರ ಮಾತಾಡಿ ರಜೆ ಕೊಡಿಸುವವರು ಇದ್ದಿದ್ದರೆ...

ಇರಲಿ. ಮೇ ತಿಂಗಳವರೆಗೆ ನಿನ್ನ ರೂಮಿನ ಬಾಡಿಗೆಯಲ್ಲಿ ಅರ್ಧ ನಾನು ಕೊಡುತ್ತೇನೆ. ದಾನ ಬೇಡವೆಂದರೆ ಸಾಲವೆಂದು ಬರೆದುಕೋ, ಬಡ್ಡಿ ಹಾಕುವುದಿಲ್ಲ. ಮ್ಯಾನೇಜರಿಗೆ ಪೂರ್ಣ ಶಿಫ್ಟಿಗೆ ‘ಹೂಂ’ ಎನ್ನುವ ಮುಂಚೆ ಕೌನ್ಸೆಲರ್ ಅವರನ್ನು ಒಮ್ಮೆ ಕಾಣು. ಗುರುವಾರ ನನಗೆ ರಜೆ ಇದೆ, ಕರೆದುಕೊಂಡು ಹೋಗುತ್ತೇನೆ. ಒಳಗೆ ಬರಬೇಡ ಎಂದರೆ ಬರುವುದಿಲ್ಲ, ಕಾರಿನಲ್ಲೇ ಕೂತಿರುತ್ತೇನೆ.

ನಿನ್ನ
ಅಪ್ಪ